ಕೊನೆಯ ಪುಟ ಹರಿದ ಕಾದಂಬರಿಗಳು

ಬಾಡಿಗೆ ಲೈಬ್ರರಿಯ ಪತ್ತೇದಾರಿ ಕಾದಂಬರಿಗೆ ಮೂವರು ಶತ್ರುಗಳು. ಮೊದಲನೆಯದು ಗೆದ್ದಲು. ಎರಡನೆಯವನು ಕೊನೆಯ ಪುಟವನ್ನು ಹರಿದು ಇಟ್ಟುಕೊಳ್ಳುವ ಓದುಗ. ಮೂರನೆಯವನು ಇವರಿಬ್ಬರಿಗಿಂತ ಕೇಡಿಗ. ತಾನು ಓದಿ ಮುಗಿಸಿದ ಮೇಲೆ ಕೊಲೆಗಾರನ ಹೆಸರನ್ನು ಮೊದಲ ಪುಟದಲ್ಲೇ ಪೆನ್ಸಿಲಿನಿಂದ ಬರೆದು, ಏನೂ ಅರಿಯದವನಂತೆ ಪುಸ್ತಕ ವಾಪಸು ಕೊಡುತ್ತಾನೆ.

ಆದರೆ ಆ ಪೆನ್ಸಿಲನ್ನು ಪೂರ್ತಿ ಹಳಿಯುವಂತೆಯೂ ಇಲ್ಲ. ಪುಟದ ಅಂಚಿನಲ್ಲಿ ಗೀಚಿದ ‘ಚೆನ್ನಾಗಿದೆ’, ‘ಬರೀ ಬುರುಡೆ’, ‘ರಾತ್ರಿ ಒಬ್ಬರೇ ಓದಬೇಡಿ’ ಎಂಬಂಥ ಮಾತುಗಳೇ ಈ ಪುಸ್ತಕಗಳಿಗೆ ದೊರೆತ ವಿಮರ್ಶೆ. ಸಾಹಿತ್ಯ ಚರಿತ್ರೆಗಳು ನವೋದಯ, ಪ್ರಗತಿಶೀಲ, ನವ್ಯ, ಬಂಡಾಯ ಎಂದು ಅಧ್ಯಾಯಗಳನ್ನು ಹಂಚುವಾಗ ಪತ್ತೇದಾರಿ ಕಾದಂಬರಿಗೆ ಹೆಚ್ಚೆಂದರೆ ಅರ್ಧ ಪುಟ ಕೊಟ್ಟಿವೆ. ಭಯಾನಕ ಕಾದಂಬರಿಗೆ ಅದೂ ಇಲ್ಲ. ವಿಮರ್ಶಕರು ಬಿಟ್ಟ ಕೆಲಸವನ್ನು ಓದುಗರೇ ಅಂಚಿನಲ್ಲಿ ಮಾಡಿದರು.

ಚಿತ್ರದುರ್ಗದ ಸೀಮೆಯಲ್ಲಿ ಈ ಓದಿಗೆ ಒಂದು ವಿಶೇಷ ಅರ್ಥವಿದೆ. ಇಲ್ಲಿನ ಕೋಟೆ, ಗವಿ, ಪಾಳುಗುಡಿಗಳೆಲ್ಲ ಕಥೆ ಹೇಳುವಂಥವು. ಆ ಕಥೆಯನ್ನು ನಂಬಿ ಹೆದರಬೇಕೋ, ಆಧಾರ ಕೇಳಬೇಕೋ ಎಂಬ ಪ್ರಶ್ನೆ ಇಲ್ಲಿ ಪುಸ್ತಕದೊಳಗೆ ಮುಗಿಯುವುದಿಲ್ಲ.

ಕೋಟೆಯಲ್ಲಿ ಹುಟ್ಟಿದ ಭಯ

ಭಯಾನಕ ಕಾದಂಬರಿಯ ಮೂಲವನ್ನು ಸಾಮಾನ್ಯವಾಗಿ 1764ರಲ್ಲಿ ಗುರುತಿಸುತ್ತಾರೆ. ಆ ವರ್ಷದ ಕೊನೆಯಲ್ಲಿ ಇಂಗ್ಲೆಂಡಿನ ಹೊರೇಸ್ ವಾಲ್‌ಪೋಲ್ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಪ್ರಕಟಿಸಿದ. ಹೆಸರೇ ಹೇಳುವಂತೆ ಅದು ಒಂದು ಕೋಟೆಯ ಕಥೆ. ಸುರಂಗ, ಗುಪ್ತದ್ವಾರ, ಹಳೆಯ ಶಾಪ, ಗಾದಿಗಾಗಿ ನಡೆಯುವ ಕಪಟ ಇವೆಲ್ಲ ಅದರಲ್ಲಿ ಇವೆ. ಅದೇ 1764ರಲ್ಲಿ ಚಿತ್ರದುರ್ಗದ ಏಳು ಸುತ್ತಿನ ಕೋಟೆಯಲ್ಲಿ ಕೊನೆಯ ಮದಕರಿ ನಾಯಕ ಆಳುತ್ತಿದ್ದ. ವಾಲ್‌ಪೋಲ್ ಕಲ್ಪಿಸಿಕೊಂಡು ಬರೆದ ಗುಪ್ತದಾರಿಗಳು ಇಲ್ಲಿ ಕಲ್ಲಿನಲ್ಲೇ ಇದ್ದವು. ಓಬವ್ವನ ಕಿಂಡಿಯನ್ನು ಇಂದಿಗೂ ನೋಡಬಹುದು.

ಪತ್ತೇದಾರಿ ಕಥೆ ಹುಟ್ಟಿದ್ದು ಇನ್ನೂ ತಡವಾಗಿ. ಅಮೆರಿಕದ ಎಡ್ಗರ್ ಅಲನ್ ಪೋ 1841ರಲ್ಲಿ ಬರೆದ ‘ದಿ ಮರ್ಡರ್ಸ್ ಇನ್ ದಿ ರೂ ಮಾರ್ಗ್’ ಈ ಜಾತಿಯ ಮೊದಲ ಕಥೆಯೆಂದು ಹೆಸರಾಗಿದೆ. 1868ರಲ್ಲಿ ಬಂದ ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ ಇಂಗ್ಲಿಷಿನ ಆರಂಭದ ದೊಡ್ಡ ಪತ್ತೇದಾರಿ ಕಾದಂಬರಿಗಳಲ್ಲಿ ಒಂದು. ಕನ್ನಡಿಗರು ಗಮನಿಸಬೇಕಾದ ಸಂಗತಿಯೆಂದರೆ ಅದರ ಕಥೆ ಶುರುವಾಗುವುದೇ ಶ್ರೀರಂಗಪಟ್ಟಣದಲ್ಲಿ. 1799ರಲ್ಲಿ ಟಿಪ್ಪುವಿನ ಕೋಟೆ ಬಿದ್ದ ದಿನ ಒಬ್ಬ ಆಂಗ್ಲ ಅಧಿಕಾರಿ ಕಾವಲಿನವರನ್ನು ಕೊಂದು ವಜ್ರವೊಂದನ್ನು ಕದಿಯುತ್ತಾನೆ. ಮುಂದಿನ ಕಥೆಯೆಲ್ಲ ಆ ವಜ್ರದ ಬೆನ್ನು ಹತ್ತಿ ಸಾಗುತ್ತದೆ. ಷರ್ಲಾಕ್ ಹೋಮ್ಸ್ ಕಾಣಿಸಿಕೊಂಡಿದ್ದು ಅದಾದ ಮೇಲೆ, 1887ರಲ್ಲಿ.

ಕನ್ನಡಕ್ಕೆ ಈ ಗಾಳಿ ಬೀಸಲು ಬಹಳ ಕಾಲ ಹಿಡಿಯಲಿಲ್ಲ. ಮೈಸೂರಿನಲ್ಲಿ ‘ತಾತಯ್ಯ’ ಎಂದೇ ಹೆಸರಾದ ಶಿಕ್ಷಕ, ಪತ್ರಕರ್ತ ಎಂ. ವೆಂಕಟಕೃಷ್ಣಯ್ಯನವರ ‘ಚೋರಗ್ರಹಣ ತಂತ್ರ’ವನ್ನು ಕನ್ನಡದ ಆರಂಭದ ಪತ್ತೇದಾರಿ ಬರಹಗಳ ಸಾಲಿನಲ್ಲಿ ಹೆಸರಿಸುತ್ತಾರೆ. ಆದರೆ ಆ ಕಾಲದಲ್ಲಿ ಓದು ಕೆಲವರ ಸೊತ್ತಾಗಿತ್ತು. ಪತ್ತೇದಾರ ಊರೂರಿಗೆ ಕಾಲಿಟ್ಟಿದ್ದು ಸ್ವಾತಂತ್ರ್ಯ ಬಂದ ಮೇಲೆ.

ಪುರುಷೋತ್ತಮ ಬಂದ

ಚಿಕ್ಕಮಗಳೂರಿನಲ್ಲಿ 1925ರಲ್ಲಿ ಹುಟ್ಟಿದ ಎನ್. ನರಸಿಂಹಯ್ಯ ಶಾಲೆಯಲ್ಲಿ ಕಲಿತದ್ದು ನಾಲ್ಕನೇ ತರಗತಿಯವರೆಗೆ. ಅವರ ಮೊದಲ ಕಾದಂಬರಿ ‘ಪತ್ತೇದಾರ ಪುರುಷೋತ್ತಮ’ 1952ರಲ್ಲಿ ಹೊರಬಂತು. 2011ರ ಡಿಸೆಂಬರಿನಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಐನೂರಕ್ಕೂ ಹೆಚ್ಚು ಕಾದಂಬರಿಗಳು ಅವರ ಹೆಸರಿನಲ್ಲಿದ್ದವು. ಅವುಗಳಲ್ಲಿ ಬಹುಪಾಲು ಪತ್ತೇದಾರಿ. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಎಂಬ ಅವರ ಪತ್ತೇದಾರರು ಒಂದು ಕಾಲಕ್ಕೆ ಸಿನಿಮಾ ನಟರಷ್ಟೇ ಪರಿಚಿತರು.

ಈ ಸಾಧನೆಯ ತೂಕ ತಿಳಿಯಬೇಕಾದರೆ ಅಂದಿನ ಸಾಕ್ಷರತೆಯ ಲೆಕ್ಕ ನೋಡಬೇಕು. 1961ರ ಜನಗಣತಿಯ ಪ್ರಕಾರ ಮೈಸೂರು ರಾಜ್ಯದಲ್ಲಿ ಓದು ಬರಹ ಬಲ್ಲವರು ನಾಲ್ವರಲ್ಲಿ ಒಬ್ಬರು. ಹೀಗೆ ಹೊಸದಾಗಿ ಅಕ್ಷರ ಕಲಿತವರ ಕೈಗೆ ಏನು ಕೊಡುವುದು? ಹಳಗನ್ನಡ ಕಾವ್ಯ ಕೊಟ್ಟರೆ ಅರ್ಥವಾಗದು. ಪಠ್ಯಪುಸ್ತಕ ಕೊಟ್ಟರೆ ಯಾರೂ ಓದರು. ನರಸಿಂಹಯ್ಯನವರ ಪುಸ್ತಕದಲ್ಲಿ ವಾಕ್ಯ ಚಿಕ್ಕದು, ಅಧ್ಯಾಯ ಚಿಕ್ಕದು, ಬೆಲೆಯೂ ಚಿಕ್ಕದು. ಅಧ್ಯಾಯದ ಕೊನೆಗೆ ಯಾರೋ ಬಾಗಿಲು ತಟ್ಟುತ್ತಾರೆ. ಪುಟ ತಿರುಗಿಸದೆ ವಿಧಿಯಿಲ್ಲ. ನಾಲ್ಕನೇ ತರಗತಿ ಓದಿದ ಲೇಖಕನಿಗೆ ನಾಲ್ಕನೇ ತರಗತಿ ಓದಿದ ಓದುಗ ಎಲ್ಲಿ ಎಡವುತ್ತಾನೆಂಬುದು ಚೆನ್ನಾಗಿ ಗೊತ್ತಿತ್ತು. ಕನ್ನಡದ ಅನೇಕ ಹಿರಿಯ ಲೇಖಕರು ತಮಗೆ ಓದಿನ ಹುಚ್ಚು ಹಿಡಿಸಿದ್ದು ನರಸಿಂಹಯ್ಯನವರೇ ಎಂದು ಹೇಳಿಕೊಂಡಿದ್ದಾರೆ.

ಅವರ ಸಮಕಾಲೀನರಲ್ಲಿ ಮ. ರಾಮಮೂರ್ತಿಯವರನ್ನು ಮರೆಯುವಂತಿಲ್ಲ. ನವೆಂಬರ್ ಬಂದರೆ ಊರೂರಲ್ಲಿ ಹಾರುವ ಹಳದಿ-ಕೆಂಪು ಬಣ್ಣದ ಕನ್ನಡ ಬಾವುಟವನ್ನು ರೂಪಿಸಿದ ಕನ್ನಡ ಚಳವಳಿಗಾರ ಅವರು. ಅದೇ ಕೈ ಪತ್ತೇದಾರಿ ಕಾದಂಬರಿಗಳನ್ನೂ ಬರೆಯಿತು. ಕನ್ನಡ ಉಳಿಯಬೇಕಾದರೆ ಕನ್ನಡ ಓದುವವರು ಬೇಕು ಎಂಬುದನ್ನು ಅವರಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ.

ಕಾಯುವ ಊರುಗಳು

ಈ ಬಗೆಯ ಓದಿಗೂ ಪ್ರಯಾಣಕ್ಕೂ ಹತ್ತಿರದ ನಂಟು. ಬೆಂಗಳೂರು–ಹರಿಹರ ರೈಲುದಾರಿಯಲ್ಲಿ ಬಂದು ದುರ್ಗಕ್ಕೆ ಹೋಗಬೇಕಾದವರು ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಇಳಿದು ಇನ್ನೊಂದು ರೈಲು ಹಿಡಿಯಬೇಕು. ಹೊಸದುರ್ಗಕ್ಕೆ ಟಿಕೆಟ್ ಕೊಂಡವರು ‘ಹೊಸದುರ್ಗ ರೋಡ್’ ನಿಲ್ದಾಣದಲ್ಲಿ ಇಳಿದ ಮೇಲೂ ಊರು ಸೇರಲು ಬಸ್ಸು ಕಾಯಬೇಕು. ಹಿರಿಯೂರು ಬೆಂಗಳೂರು–ಪುಣೆ ಹೆದ್ದಾರಿಗೆ ಬಳ್ಳಾರಿ ಕಡೆಯ ರಸ್ತೆ ಕೂಡುವ ಊರು. ಒಟ್ಟಿನಲ್ಲಿ ಇದು ಕಾಯುವವರ ಸೀಮೆ. ಮೊಬೈಲ್ ಇಲ್ಲದ ದಿನಗಳಲ್ಲಿ ಕಾಯುವವರ ಕೈಯಲ್ಲಿ ಒಂದು ಪುಸ್ತಕವಿದ್ದರೆ ಅದು ಹೆಚ್ಚಾಗಿ ಇಂಥದೇ ಆಗಿರುತ್ತಿತ್ತು. ಒಂದು ಬಸ್ಸು ತಪ್ಪಿದರೆ ಎರಡು ಅಧ್ಯಾಯ, ರೈಲು ತಡವಾದರೆ ಕೊಲೆಗಾರನೇ ಸಿಕ್ಕಿಬೀಳುತ್ತಿದ್ದ.

1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಊರೂರಿಗೆ ಸರ್ಕಾರಿ ಗ್ರಂಥಾಲಯಗಳು ಬಂದವು. ಆದರೆ ಪತ್ತೇದಾರಿ ಕಾದಂಬರಿಯ ನಿಜವಾದ ಮನೆ ಖಾಸಗಿ ಸರ್ಕ್ಯುಲೇಟಿಂಗ್ ಲೈಬ್ರರಿ. ಸ್ವಲ್ಪ ಡಿಪಾಜಿಟ್, ದಿನಕ್ಕಿಷ್ಟು ಎಂದು ಬಾಡಿಗೆ. ಬಾಡಿಗೆ ಏರುತ್ತದೆಂಬ ಭಯಕ್ಕೆ ಒಂದೇ ರಾತ್ರಿ ಓದಿ ಮುಗಿಸುವುದು, ಮರುದಿನ ಮುಂದಿನವರಿಗೆ ‘ಇದು ಬೇಡ, ಅದು ತಗೊಳ್ಳಿ’ ಎಂದು ಶಿಫಾರಸು ಮಾಡುವುದು. ಓದುಗನ ಅಭಿಪ್ರಾಯಕ್ಕೆ ಬೆಲೆ ಬಂದದ್ದು ಅಲ್ಲಿ. ಟಿ.ವಿ. ಬಂದ ಮೇಲೆ ಆ ಅಂಗಡಿಗಳು ಒಂದೊಂದಾಗಿ ಮುಚ್ಚಿಹೋದವು.

ಜನಪ್ರಿಯ, ಗಂಭೀರ ಎಂಬ ಗೆರೆ

ರಹಸ್ಯ ಕಾದಂಬರಿಯೆಂದರೆ ಹಗುರ ಸರಕು ಎಂಬ ಮಾತನ್ನು ಅಳಿಸಿದವರು ಕನ್ನಡದಲ್ಲಿ ಇದ್ದಾರೆ. ಕುತೂಹಲಕಾರಿ ಕಾದಂಬರಿಗಳಿಗೆ ಹೆಸರಾದ ಟಿ.ಕೆ. ರಾಮರಾವ್ ಅವರೇ ‘ಬಂಗಾರದ ಮನುಷ್ಯ’ವನ್ನೂ ಬರೆದವರು. ಅದು ಸಿನಿಮಾ ಆಗಿ 1972ರಲ್ಲಿ ತೆರೆ ಕಂಡು ನಾಡನ್ನೇ ಆವರಿಸಿತು. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಂದು ಸಾವು, ಅದರ ತನಿಖೆಗೆ ಬಂದ ಅಧಿಕಾರಿ, ಏಲಕ್ಕಿ ಬೆಳೆಯುವ ಒಂದು ಊರು ಎಂದು ಪತ್ತೇದಾರಿ ಕಥೆಯಂತೆಯೇ ಆರಂಭವಾಗುವ ಅದು, ಪತ್ತೆಯಾಗಬೇಕಾದದ್ದು ಒಬ್ಬ ಅಪರಾಧಿಯಲ್ಲ, ಇಡೀ ಊರಿನ ಕಾಯಿಲೆ ಎಂಬಲ್ಲಿಗೆ ಓದುಗರನ್ನು ತಂದು ನಿಲ್ಲಿಸುತ್ತದೆ. ಅವರ ‘ಜುಗಾರಿ ಕ್ರಾಸ್’ ಒಂದು ಹಗಲು-ರಾತ್ರಿಯಲ್ಲಿ ನಡೆದುಹೋಗುವ ಕಥೆ. ನಿಧಾನಕ್ಕೆ ಓದೋಣವೆಂದು ಹಿಡಿದರೂ ಅದು ಬಿಡುವುದಿಲ್ಲ. ಈ ಶತಮಾನದಲ್ಲಿ ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ ಶಾಸನ, ಶಿಲ್ಪ, ಇತಿಹಾಸಗಳನ್ನೇ ಸುಳಿವುಗಳನ್ನಾಗಿ ಮಾಡಿಕೊಂಡು ‘ಕನಕ ಮುಸುಕು’, ‘ಕರಿಸಿರಿಯಾನ’ ಮುಂತಾದ ಕಾದಂಬರಿಗಳನ್ನು ಬರೆದಿದ್ದಾರೆ.

ಗಣೇಶಯ್ಯನವರ ಓದುಗರಲ್ಲಿ ಎರಡು ಪಂಗಡಗಳು ಕಾಣುತ್ತವೆ. ಕಥೆಯ ನಡುವೆ ಮಾಹಿತಿ ಹೆಚ್ಚಾಯಿತೆನ್ನುವವರು ಒಂದು ಕಡೆ. ಕಥೆ ಮರೆತರೂ ಮಾಹಿತಿ ಉಳಿಯಿತೆನ್ನುವವರು ಇನ್ನೊಂದು ಕಡೆ. ಇಬ್ಬರೂ ಹೇಳುವುದು ನಿಜ. ಆದರೆ ಎರಡನೆಯವರು ಪುಸ್ತಕ ಮುಚ್ಚಿದ ಮೇಲೆ ಹತ್ತಿರದ ಶಾಸನವೊಂದನ್ನು ನೋಡಲು ಹೋಗುತ್ತಾರೆ. ಕಾದಂಬರಿಯೊಂದಕ್ಕೆ ಅದು ಸಣ್ಣ ಗೆಲುವಲ್ಲ.

ಇಬ್ಬರು ನರಸಿಂಹಯ್ಯರು

ಭಯಾನಕ ಕಾದಂಬರಿಯ ಮಾತು ಬೇರೆ. 1980ರ ದಶಕದಲ್ಲಿ ತೆಲುಗಿನ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಕನ್ನಡಕ್ಕೂ ಬಂತು, 1985ರಲ್ಲಿ ಕನ್ನಡ ಸಿನಿಮಾ ಕೂಡ ಆಯಿತು. ಎಳೆಯ ಹುಡುಗಿಯೊಬ್ಬಳ ಮೇಲೆ ಮಾಟ ಪ್ರಯೋಗಿಸುವ ಆ ಕಥೆಯಲ್ಲಿ ವೈದ್ಯರಿಗೂ ಜಾಗವಿದೆ, ಮಾಂತ್ರಿಕರಿಗೂ ಜಾಗವಿದೆ. ಓದಿದವರು ರಾತ್ರಿ ದೀಪ ಆರಿಸಲು ಹೆದರಿದರು. ಮೂಢನಂಬಿಕೆಗೆ ನೀರೆರೆಯುವ ಪುಸ್ತಕವೆಂದು ಅದನ್ನು ಟೀಕಿಸಿದವರೂ ಇದ್ದರು.

ಆ ಟೀಕೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಭಯ ಪುಸ್ತಕದಲ್ಲೇ ಇದ್ದರೆ ಅದು ಮನರಂಜನೆ. ಓಣಿಗೆ ಇಳಿದರೆ ಬೇರೆ ವಿಷಯ. ಕಳೆದ ಶತಮಾನದ ಕೊನೆಯ ಭಾಗದಲ್ಲಿ ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆಂಬ ವದಂತಿ ಹಬ್ಬಿ ಕರ್ನಾಟಕದ ಊರುಗಳಲ್ಲಿ ಜನ ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಅನೇಕರಿಗೆ ನೆನಪಿರಬಹುದು. ದೆವ್ವಕ್ಕೂ ಕನ್ನಡ ಓದಲು ಬರುತ್ತದೆಂಬ ನಂಬಿಕೆ ಅದರಲ್ಲಿತ್ತು. ಅದು ನಗುವ ವಿಷಯ. ಆದರೆ ಮಾಟ ಮಾಡಿಸಿದ್ದಾರೆಂಬ ಅನುಮಾನಕ್ಕೆ ಮನುಷ್ಯರನ್ನೇ ಹೊಡೆಯುವುದು ನಗುವ ವಿಷಯವಲ್ಲ. ಇಂಥ ಅಮಾನವೀಯ ಆಚರಣೆಗಳನ್ನು ತಡೆಯಲು ರಾಜ್ಯ ಶಾಸನಸಭೆ 2017ರಲ್ಲಿ ಕಾನೂನನ್ನೇ ಅಂಗೀಕರಿಸಬೇಕಾಯಿತು. ಅದು ಜಾರಿಗೆ ಬಂದದ್ದು 2020ರಲ್ಲಿ.

ಇಲ್ಲಿ ಇನ್ನೊಬ್ಬ ನರಸಿಂಹಯ್ಯನವರ ನೆನಪಾಗುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯ 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಎಂಬುದು ಅವರ ನಿಲುವಾಗಿತ್ತು. ಒಬ್ಬರು ಭೌತಶಾಸ್ತ್ರದ ಮೇಷ್ಟ್ರು, ಇನ್ನೊಬ್ಬರು ನಾಲ್ಕನೇ ತರಗತಿಯ ಕಾದಂಬರಿಕಾರರು. ಹೆಸರು ಬಿಟ್ಟರೆ ಇಬ್ಬರಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿದೆ. ಪತ್ತೇದಾರಿ ಕಥೆಯ ನಿಯಮವೇ ಪ್ರಶ್ನೆ ಕೇಳುವುದು. ಕಾನನ್ ಡಾಯ್ಲ್‌ನ ‘ಬಾಸ್ಕರ್‌ವಿಲ್’ ಕಾದಂಬರಿಯಲ್ಲಿ (1902) ಬೆಂಕಿಯುಗುಳುವ ಭೂತನಾಯಿ ಕೊನೆಗೆ ರಂಜಕ ಬಳಿದ ಸಾಮಾನ್ಯ ನಾಯಿಯಾಗಿ ಹೊರಬೀಳುತ್ತದೆ. ದೆವ್ವದ ಹಿಂದೆ ಒಬ್ಬ ಮನುಷ್ಯ, ಮನುಷ್ಯನ ಹಿಂದೆ ಒಂದು ಆಸ್ತಿ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಆಂಗ್ಲ ಪಾದ್ರಿ ಪತ್ತೇದಾರಿ ಲೇಖಕರಿಗೆ ಹತ್ತು ಕಟ್ಟಳೆಗಳನ್ನು ಬರೆದ. ಅತಿಮಾನುಷ ಕಾರಣ ಕೊಡಬಾರದು ಎಂಬುದು ಅವುಗಳಲ್ಲಿ ಒಂದು. ದೇವರ ಸೇವೆಗೆ ನಿಂತವನೇ ಕಥೆಯಲ್ಲಿ ಪವಾಡ ಬೇಡವೆಂದ.

ಹಾಗಾದರೆ ಭಯಾನಕ ಕಾದಂಬರಿ ಓದಲೇಬಾರದೆ? ಓದಬಾರದೆಂದೇನೂ ಇಲ್ಲ. ಒಳ್ಳೆಯ ಭಯಾನಕ ಕಥೆ ಮನುಷ್ಯನ ಪಾಪಭೀತಿ, ಒಂಟಿತನ, ಮುಚ್ಚಿಟ್ಟ ತಪ್ಪುಗಳನ್ನು ತೋರಿಸುತ್ತದೆ. ಕೆಟ್ಟದ್ದು ಕತ್ತಲೆಯನ್ನಷ್ಟೇ ತೋರಿಸುತ್ತದೆ.

ರಕ್ತರಾತ್ರಿಯ ಊರು

ದುರ್ಗದ ಓದುಗರಿಗೆ ಸಂಚು, ಕೊಲೆ, ಸೇಡುಗಳ ಕಥೆಯನ್ನು ಕೊಟ್ಟವರು ಪತ್ತೇದಾರಿ ಲೇಖಕರಲ್ಲ, ತ.ರಾ. ಸುಬ್ಬರಾಯರು. ಈ ಜಿಲ್ಲೆಯ ತಳುಕಿನ ಮನೆತನದ ತ.ರಾ.ಸು. ಅವರ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಒಂದರ ಹಿಂದೆ ಒಂದು ಬರುವ ಕಾದಂಬರಿಗಳು. 17ನೇ ಶತಮಾನದ ಕೊನೆಯಲ್ಲಿ ದಳವಾಯಿಗಳ ಕೈಗೆ ಸಿಕ್ಕು ನಾಯಕರ ಗಾದಿ ನಲುಗಿದ ಕಾಲ ಅವುಗಳ ವಸ್ತು. 1689ರಲ್ಲಿ ಭರಮಣ್ಣ ನಾಯಕ ಪಟ್ಟಕ್ಕೆ ಬರುವ ಮೊದಲು ಈ ಅರಮನೆ ಕಂಡ ರಕ್ತಪಾತ ಯಾವ ಪತ್ತೇದಾರಿ ಕಾದಂಬರಿಗೂ ಕಡಿಮೆಯದಲ್ಲ. ಕೊಲೆಗಾರ ಯಾರೆಂದು ಇಲ್ಲಿ ಓದುಗನಿಗೆ ಮೊದಲೇ ಗೊತ್ತು. ಆದರೂ ಪುಟ ತಿರುಗುತ್ತದೆ. ಯಾರು ಎಂಬುದಕ್ಕಿಂತ ಏಕೆ ಎಂಬುದು ಹೆಚ್ಚು ಕಾಡುತ್ತದೆಂಬುದಕ್ಕೆ ಈ ಮೂರು ಪುಸ್ತಕಗಳೇ ಸಾಕ್ಷಿ. ಅವರ ಕೊನೆಯ ದಿನಗಳ ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ, ಅವರು ತೀರಿಕೊಂಡ ಮರುವರ್ಷ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಅದೇ ಕೋಟೆಯ ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬಾಸುರನದೆಂದು ಹೇಳುವ ಒಂದು ಹಲ್ಲಿದೆ. ಕೋಟೆಯಾಚೆ ಚಂದ್ರವಳ್ಳಿಯಲ್ಲಿ ಅಂಕಲಿ ಮಠದ ನೆಲದಡಿಯ ಕೋಣೆಗಳಿವೆ. ಹಗಲಿನಲ್ಲೂ ಅಲ್ಲಿ ದೀಪ ಬೇಕು. ಇಂಥ ಜಾಗಕ್ಕೆ ದೆವ್ವ, ಸರ್ಪಗಾವಲು, ಹೂತಿಟ್ಟ ಹೊನ್ನಿನ ಕಥೆಗಳು ತಾವಾಗಿಯೇ ಅಂಟಿಕೊಳ್ಳುತ್ತವೆ.

ಚಂದ್ರವಳ್ಳಿಯ ಪತ್ತೇದಾರರು

ಚಂದ್ರವಳ್ಳಿಯಲ್ಲಿ ನಿಜವಾದ ಪತ್ತೇದಾರಿ ಕೆಲಸವೂ ನಡೆದಿದೆ. ಮೈಸೂರಿನ ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು 1929ರ ಸುಮಾರಿಗೆ ಇಲ್ಲಿ ಬಂಡೆಯ ಮೇಲಿನ ಮಸುಕು ಅಕ್ಷರಗಳನ್ನು ಓದಿ ಕದಂಬರ ಮಯೂರಶರ್ಮನ ಶಾಸನವನ್ನು ಬೆಳಕಿಗೆ ತಂದರು. ಅದು ಕೆರೆಯೊಂದರ ವಿಷಯ ಹೇಳುತ್ತದೆ. 1947ರಲ್ಲಿ ಮಾರ್ಟಿಮರ್ ವೀಲರ್ ಇದೇ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಉತ್ಖನನ ನಡೆಸಿದರು. ಚಂದ್ರವಳ್ಳಿಯ ಮಣ್ಣಿನಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮಿನ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ಸರ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ.

ಆ ನಾಣ್ಯದ ಬೆಳ್ಳಿಗೆ ಅಕ್ಕಸಾಲಿಗ ಕೊಡುವ ಬೆಲೆ ಅಲ್ಪ. ಅದರ ನಿಜವಾದ ಬೆಲೆ ಇರುವುದು ಅದು ಯಾವ ಪದರದಲ್ಲಿ, ಯಾವ ಮಡಕೆಯ ಚೂರಿನ ಪಕ್ಕದಲ್ಲಿ ಬಿದ್ದಿತ್ತು ಎಂಬುದರಲ್ಲಿ. ರೋಮನ್ ದೊರೆಯ ಕಾಲ ಗೊತ್ತಿರುವುದರಿಂದ ಮಡಕೆಯ ಕಾಲ ತಿಳಿಯುತ್ತದೆ. ಅಂಥದೇ ಮಡಕೆ ಬೇರೆಡೆ ಸಿಕ್ಕರೆ ಆ ಊರಿನ ಕಾಲವೂ ತಿಳಿಯುತ್ತದೆ. ಕೊಲೆ ನಡೆದ ಕೋಣೆಯಲ್ಲಿ ಏನನ್ನೂ ಮುಟ್ಟಬೇಡಿ ಎಂದು ಪುರುಷೋತ್ತಮನಂಥ ಪತ್ತೇದಾರರು ಹೇಳುವುದು ಇದೇ ಕಾರಣಕ್ಕೆ. ವಸ್ತು ಅಲುಗಾಡಿದರೆ ಸಾಕ್ಷಿ ಸತ್ತಂತೆ.

ನಿಧಿಯಾಸೆಯವರು ಅಳಿಸಿಹಾಕುವುದು ಈ ಸಾಕ್ಷಿಯನ್ನೇ. ಅಮಾವಾಸ್ಯೆಯ ರಾತ್ರಿ ಪಾಳುಗುಡಿಯ ಗರ್ಭಗುಡಿ ಅಗೆದರು, ಲಿಂಗ ಕಿತ್ತರು, ನಂದಿ ಒಡೆದರು ಎಂಬ ಸುದ್ದಿ ಈ ಭಾಗದ ಪತ್ರಿಕೆ ಓದುವವರಿಗೆ ಹೊಸದಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು ಬ್ರಿಟಿಷರ ಕಾಲದಿಂದ, 1878ರಿಂದ, ಇದೆ. ಹಾಗೆ ಅಗೆದವರಿಗೆ ಸಾಮಾನ್ಯವಾಗಿ ಸಿಗುವುದು ಕಲ್ಲು, ಮಣ್ಣು. ಊರಿಗೆ ಉಳಿಯುವುದು ಒಡೆದ ಮೂರ್ತಿ. ಮಂತ್ರವಾದಿಯ ಮಾತು ನಂಬಿ ಗುದ್ದಲಿ ಹಿಡಿದವನು ಕೆಟ್ಟ ಭಯಾನಕ ಕಾದಂಬರಿಯ ಓದುಗನಂತೆ. ಅವನು ಒಮ್ಮೆಯೂ ‘ಇದಕ್ಕೆ ಆಧಾರವೇನು’ ಎಂದು ಕೇಳಿರುವುದಿಲ್ಲ.

ಹೊಸ ಪುಸ್ತಕ ಕೈಗೆ ಬಂದಾಗ ಓದುಗರು ಈ ಪ್ರಶ್ನೆಯನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಸುಳಿವುಗಳು ನಮ್ಮ ಕಣ್ಣೆದುರಿಗೆ ಇದ್ದವೋ, ಇಲ್ಲವೇ ಲೇಖಕ ಕೊನೆಯಲ್ಲಿ ಜೇಬಿನಿಂದ ತೆಗೆದನೋ? ಹೆದರಿಸಿದ್ದಕ್ಕೆ ಕಾರಣ ಕೊಟ್ಟನೋ, ಹೆದರಿಸಿ ಓಡಿಹೋದನೋ? ಕೊಲೆಗಾರ ಗೊತ್ತಾದ ಮೇಲೂ ಇನ್ನೊಮ್ಮೆ ಓದಬೇಕೆನಿಸುತ್ತದೆಯೋ? ಮೂರಕ್ಕೂ ಸರಿಯುತ್ತರ ಸಿಕ್ಕರೆ ಅದು ಒಳ್ಳೆಯ ಪುಸ್ತಕ. ಯಾವ ಪ್ರಶಸ್ತಿ ಬಂದಿದೆ, ಬಂದಿಲ್ಲ ಎಂದು ನೋಡಬೇಕಾಗಿಲ್ಲ.

ಇನ್ನು ಹಳೆಯ ಪುಸ್ತಕಗಳ ಗತಿ. ಅಗ್ಗದ ಕಾಗದದಲ್ಲಿ ಅಚ್ಚಾದ ಈ ಕಾದಂಬರಿಗಳು ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬಂದಿವೆ. ಮನೆ ಬದಲಿಸುವಾಗ, ಹಿರಿಯರು ತೀರಿಕೊಂಡಾಗ ಮೊದಲು ರದ್ದಿಗೆ ಹೋಗುವುದು ಇವೇ. ಒಂದು ತಲೆಮಾರು ಏನು ಓದಿತು, ಯಾವುದಕ್ಕೆ ಹೆದರಿತು, ಯಾವುದನ್ನು ‘ಬುರುಡೆ’ ಎಂದು ಬದಿಗಿಟ್ಟಿತು ಎಂಬುದಕ್ಕೆ ಆ ಪುಟಗಳ ಅಂಚಿನ ಬರಹವಲ್ಲದೆ ಬೇರೆ ದಾಖಲೆ ಇಲ್ಲ. ಅಟ್ಟದ ಮೇಲೆ ಅಂಥ ಒಂದು ಕಟ್ಟು ಇದ್ದವರು ಅದನ್ನು ತೂಕಕ್ಕೆ ಹಾಕುವ ಮುನ್ನ ತಾಲ್ಲೂಕು ಗ್ರಂಥಾಲಯದಲ್ಲೋ ಹತ್ತಿರದ ಕಾಲೇಜಿನ ಕನ್ನಡ ವಿಭಾಗದಲ್ಲೋ ಒಮ್ಮೆ ವಿಚಾರಿಸುವುದು ಒಳಿತು. ಕೊನೆಯ ಪುಟ ಹರಿದಿದ್ದರೂ ಚಿಂತೆಯಿಲ್ಲ.